ಬಾಗಲೂರು ರಸ್ತೆಯ ವಿದೇಶ ವರದಿಗಾರ

ವಾಸು ವಿದೇಶ ವರದಿಗಾರನಾದದ್ದು ಒಂದು ಮಂಗಳವಾರ ಬೆಳಿಗ್ಗೆ ಏಳೂವರೆಗೆ, ಬಾಯಲ್ಲಿ ಬ್ರಷ್ ಇದ್ದಾಗ.

ಬೆಂಗಳೂರಿನ ಸುದ್ದಿ ಚಾನೆಲ್ಲೊಂದಕ್ಕೆ ಅವನು ಒಂಬತ್ತು ವರ್ಷಗಳಿಂದ ಹೊಸೂರಿನ ವರದಿಗಾರ. ಇನ್ನೂ ಕಾಯಂ ಆಗಿರಲಿಲ್ಲ. ಫೋನ್ ಮಾಡಿದವರು ಸಂಪಾದಕ ಶಶಿಕುಮಾರ್.

"ನೋಡಯ್ಯಾ, ಮೂರು ದಿನದಿಂದ ಯುದ್ಧ ನಡೀತಿದೆ. ಬೇರೆ ಚಾನೆಲ್‌ನೋರೆಲ್ಲ ಹೆಲ್ಮೆಟ್ ಹಾಕ್ಕೊಂಡು ಅಲ್ಲಿಂದಾನೇ ಕೂಗ್ತಿದ್ದಾರೆ. ನಮ್ಮೋನಿಗೆ ವೀಸಾ ಸಿಕ್ಕಿಲ್ಲ. ನಿಮ್ಮೂರ ಹತ್ರ ಕಲ್ಲು ಕ್ವಾರಿ ಇದೆ ಅಲ್ವಾ?"

"ಇದೆ ಸಾರ್, ಬಾಗಲೂರು ಕಡೆ."

"ಹತ್ತು ಗಂಟೆಗೆ ಅಲ್ಲಿಂದ ಲೈವ್. ಚೆನ್ನಾಗಿ ಬಂದ್ರೆ ನೀನೇ ವಿದೇಶ ವರದಿಗಾರ. ಕಾಯಂ! ಯಾರಿಗೂ ಹೇಳ್ಬೇಡ."

ವಾಸು ಪೇಸ್ಟಿನ ನೊರೆಯನ್ನು ನುಂಗಿಬಿಟ್ಟ.

ಹೆಂಡತಿ ಸಿಂಧುವಿಗೆ ಇದು ಹಿಡಿಸಲಿಲ್ಲ. "ಬಾಗಲೂರಲ್ಲಿ ನಿಂತ್ಕೊಂಡು ವಿದೇಶ ಅಂತೀರಾ?"

"ಬೆಂಗಳೂರಿನೋರಿಗೆ ಜೂಜುವಾಡಿ ಗಡಿ ದಾಟಿದ್ರೆ ಎಲ್ಲಾ ವಿದೇಶಾನೇ ಕಣೆ."

ಆದರೂ 'ಕಾಯಂ' ಎಂಬ ಮಾತಿಗೆ ಸೋತು, ಹಳೆಯ ನೀಲಿ ರೈನ್‌ಕೋಟಿನೊಳಗೆ ಸೋಫಾದ ಎರಡು ದಿಂಬುಗಳನ್ನಿಟ್ಟು ಹೊಲಿದುಕೊಟ್ಟಳು. ಅದನ್ನು ತೊಟ್ಟು ಸ್ಕೂಟರಿನ ಹೆಲ್ಮೆಟ್ ಹಾಕಿಕೊಂಡ ವಾಸು ಮದುವೆಗೆ ಹೊರಟ ಗ್ಯಾಸ್ ಸಿಲಿಂಡರಿನಂತೆ ಕಂಡ.

ಹತ್ತಕ್ಕೆ ಸರಿಯಾಗಿ ಮೊಬೈಲನ್ನು ಬಂಡೆಗೆ ಒರಗಿಸಿ ಶುರುಮಾಡಿದ. "ವೀಕ್ಷಕರೇ, ನನ್ನ ಹಿಂದೆ ನೋಡಿ..." ಎನ್ನುವಷ್ಟರಲ್ಲಿ ಢಮಾರ್ ಎಂದಿತು. ಧೂಳಿನೊಳಗಿಂದ ಕ್ವಾರಿಯ ಮೇಸ್ತ್ರಿ ಬೋರಯ್ಯ ಟವೆಲ್ ಬೀಸುತ್ತಾ ಓಡಿಬಂದ.

"ಅಣ್ಣೋ, ಅತ್ಲಾಗ್ ಹೋಗಣ್ಣ! ಇನ್ನೊಂದ್ ಕುಳಿಗೆ ಮದ್ದು ತುಂಬೈತೆ, ಸತ್ತೋಯ್ತೀಯ!"

ಸ್ಟುಡಿಯೋದ ನಿರೂಪಕಿ ಚೀರಿದಳು. "ವಾಸು, ಅವರು ಕನ್ನಡ ಮಾತಾಡ್ತಿದ್ದಾರೆ!"

"ಹೌದು... ನಮ್ಮ ಚಾನೆಲ್ ನೋಡಿ ಕಲ್ತಿದ್ದಾರಂತೆ."

ಟೀವಿ ಎಂದು ತಿಳಿದ ಬೋರಯ್ಯ ಮುಖ ಒರೆಸಿಕೊಂಡು ಕ್ಯಾಮೆರಾಗೆ ಹತ್ತಿರವಾದ. "ದಿನಾ ಎಲ್ಡು ಸಲಿ ಸಿಡೀತದೆ ಕಣಮ್ಮ. ಕಿವಿ ಹೋಗೈತೆ, ಮನೇಲೆಲ್ಲಾ ಧೂಳು. ಏನ್ ಮಾಡಾದು, ಅಭ್ಯಾಸ ಆಗೋಯ್ತು."

ನಿರೂಪಕಿ ಕಣ್ಣೊರೆಸಿಕೊಂಡಳು. ಕರ್ನಾಟಕವೂ ಒರೆಸಿಕೊಂಡಿತು.

ಇದನ್ನೆಲ್ಲ ವಾಸುವಿನ ಪಕ್ಕದ ಮನೆಯ ಭದ್ರಮ್ಮ ನೋಡಿದಳು. ಸಿಂಧುವಿನ ಬಳಿಗೆ ಓಡಿದಾಗ, ಯಾರಿಗೂ ಹೇಳುವುದಿಲ್ಲವೆಂದು ಗಂಡನಿಗೆ ಮಾತು ಕೊಟ್ಟಿದ್ದ ಸಿಂಧು "ಅವರು ಎಲ್ಲಿಗೆ ಹೋದ್ರೋ ಗೊತ್ತಿಲ್ಲ" ಎಂದು ತಲೆ ತಗ್ಗಿಸಿದಳು.

"ಅಯ್ಯೋ, ಹೆಂಡ್ತಿಗೂ ಹೇಳ್ದಂಗೆ ಎತ್ತಾಕ್ಕೊಂಡು ಹೋಗವ್ರೆ!" ಭದ್ರಮ್ಮ ಬೀದಿಗೆ ಬೀದಿಯನ್ನೇ ಎಬ್ಬಿಸಿದಳು.

ಹೀಗಾಗಿ ಹನ್ನೆರಡಕ್ಕೆ ರೈನ್‌ಕೋಟ್ ಕಳಚಿಟ್ಟು ಊಟದ ಹಸಿವಿನಲ್ಲಿ ಸ್ಕೂಟರ್ ಓಡಿಸಿಕೊಂಡು ಬಂದ ವಾಸು, ಬಾಗಲೂರು ರಸ್ತೆಯಲ್ಲಿ ಸಾಲುಗಟ್ಟಿದ ಲಾರಿಗಳ ಹಿಂದೆ ಸಿಕ್ಕಿಬಿದ್ದ. ನಡುರಸ್ತೆಯಲ್ಲಿ ಅವನ ನೆರೆಹೊರೆಯವರೆಲ್ಲ ಕೂತಿದ್ದರು. "ವಾಸುವನ್ನು ವಾಪಸ್ ಕರೆಸಿ!" ಯಾರೋ ಅವನ ಕೈಗೂ ಒಂದು ಫಲಕ ತುರುಕಿದರು. ಅದರಲ್ಲಿ ಅವನದೇ ಫೋಟೊ. ಹೆಲ್ಮೆಟ್ಟಿನೊಳಗಿಂದ ಅವನೂ ಎರಡು ಸಲ ಕೂಗಿದ.

ಅಷ್ಟರಲ್ಲಿ ಸಂಪಾದಕರ ಫೋನು. "ಹೊಸೂರಲ್ಲಿ ನಮ್ಮ ವರದಿಗಾರನಿಗೋಸ್ಕರ ರಸ್ತೆ ತಡೆಯಂತೆ! ತಕ್ಷಣ ಯಾರನ್ನಾದ್ರೂ ಕಳ್ಸು."

"ಹೊಸೂರಿಗೆ ಇರೋನು ನಾನೊಬ್ನೇ ಸಾರ್."

"ಹಾಗಾದ್ರೆ ನೀನೇ ಮಾಡು. ಮುಖ ತೋರಿಸ್ಬೇಡ."

ವಾಸು ಮೊಬೈಲ್ ಹಿಡಿದು ಭದ್ರಮ್ಮನ ಮುಂದೆ ನಿಂತ. "ನಿಮ್ಮ ಬೇಡಿಕೆ ಏನಮ್ಮಾ?"

"ಇದು ನಮ್ ವಾಸು ದನಿಯಲ್ವಾ?" ಎಂದವಳೇ ಭದ್ರಮ್ಮ ಹೆಲ್ಮೆಟ್ ಕಿತ್ತಳು.

ತಪ್ಪೊಪ್ಪಿಕೊಳ್ಳಲು ವಾಸು ಬಾಯಿ ತೆರೆದ.

"ನೋಡಿದ್ರಾ! ಅರ್ಧ ಗಂಟೆ ಕೂತಿದ್ದಕ್ಕೇ ಬಿಡಿಸ್ಕೊಂಡ್ ಬಂದ್ಬುಟ್ರು!" ಭದ್ರಮ್ಮ ಅವನನ್ನು ಬಾಚಿ ತಬ್ಬಿಕೊಂಡಳು. ಬಿಸಿಲಲ್ಲಿ ಬೆಂದಿದ್ದ ತಮಿಳು ಇನ್ಸ್‌ಪೆಕ್ಟರಿಗೆ ಅಷ್ಟೇ ಬೇಕಿತ್ತು. "ವಂದುಟ್ಟಾರ್ ಇಲ್ಲೆ? ಎಲ್ಲಾರುಂ ಎಳುಂದಿರುಂಗ!" ಎಂದು, ಬಂದವನನ್ನು ತೋರಿಸಿ ಎಲ್ಲರನ್ನೂ ಎಬ್ಬಿಸಿದರು. ಲಾರಿಗಳು ಹಾರ್ನ್ ಹೊಡೆದು ಜಯಕಾರ ಮಾಡಿದವು. ಚಾನೆಲ್ಲು 'ನಮ್ಮ ವರದಿಗಾರ ಬಿಡುಗಡೆ' ಎಂದು ಮಧ್ಯಾಹ್ನವೆಲ್ಲ ಬಿತ್ತರಿಸಿತು.

ಊಟ ಮುಗಿಸಿ, ಧೈರ್ಯ ತಂದುಕೊಂಡು ವಾಸು ಸಂಪಾದಕರಿಗೆ ಫೋನ್ ಮಾಡಿದ. "ಸಾರ್, ಕಾಯಂ ಅಂದಿದ್ರಿ..."

"ಹೇಗಯ್ಯಾ ಆಗುತ್ತೆ? ನೀನು ವಾಪಸ್ ಬಂದಿದ್ದನ್ನ ಜಗತ್ತೇ ನೋಡಿದೆ. ಮತ್ತೆ ಯುದ್ಧಕ್ಕೆ ಹೇಗೆ ಕಳ್ಸಲಿ? ಜನಕ್ಕೆ ಆ ಟವೆಲ್‌ನೋರೇ ಬೇಕಂತೆ. ಕ್ವಾರಿ ಆಫೀಸಿಗೆ ಫೋನ್ ಮಾಡಿ ಅವರನ್ನೇ ಕಾಯಂ ಮಾಡ್ಕೊಂಡ್ವಿ. ನಾಲ್ಕು ಗಂಟೆಗೆ ಲೈವ್, ಹೋಗಿ ಮೊಬೈಲ್ ಹಿಡ್ಕೋ."

ವಾಸು ಹೋದಾಗ ಬೋರಯ್ಯ ತಲೆ ಬಾಚಿ, ಒಗೆದ ಟವೆಲ್ ಹೊದ್ದು, ಬಂಡೆಯ ಮೇಲೆ ಕಾಲ ಮೇಲೆ ಕಾಲು ಹಾಕಿ ಕೂತಿದ್ದ. ಬೆಳಗಿನ 'ಅಣ್ಣ' ಹೊರಟುಹೋಗಿತ್ತು.

"ಒಸಿ ಎಡಕ್ಕೆ ಹಿಡ್ಕಳ್ಲಾ ವಾಸು. ಅಂದಂಗೆ, ನಾನೀಗ ಯಾವ್ ದೇಸ್ದಾಗ್ ಇವ್ನಿ?"