ಗುರುವಾರದ ನೀರಿನ ಸಮಾಚಾರ

ಒಬ್ಬೊಬ್ಬರಿಗೆ ಇಂಗ್ಲಿಷು ಒಂದೊಂದು ಬಾಗಿಲಿನಿಂದ ಬರುತ್ತದೆ. ಸಿಡ್ನಿಯಲ್ಲಿ ನಮ್ಮ ಬೀದಿಯಲ್ಲಿದ್ದ ಪದ್ಮಾ ಆಂಟಿಗೆ ಮಧ್ಯಾಹ್ನದ ಟೀವಿ ಧಾರಾವಾಹಿಯಿಂದ ಬಂದಿತ್ತು. ಹಾಗಾಗಿ ಅವರು ತರಕಾರಿ ಅಂಗಡಿಯಲ್ಲೂ ಪ್ರೀತಿಸಿದವನು ಕೈಕೊಟ್ಟು ಹೋದವಳ ದನಿಯಲ್ಲೇ ಬೀನ್ಸ್ ಕೇಳುತ್ತಿದ್ದರು. ನನ್ನ ಮಗಳಿಗೆ ಶಾಲೆಯಿಂದ ಬಂತು, ಬಂದದ್ದೇ ಕನ್ನಡವನ್ನು ಹಿತ್ತಲಿಗೆ ಕಳಿಸಿತು. ನನಗೆ ಬಂದದ್ದು ಮೀನಿನಿಂದ. ಹೇಳಿಕೊಳ್ಳಲು ಈಗಲೂ ಸ್ವಲ್ಪ ಸಂಕೋಚವೇ. ನಾನು ಮೀನು ತಿನ್ನುವ ಮನೆಯವಳಲ್ಲ. ಹಿಡಿದವಳಲ್ಲ, ತೊಳೆದವಳೂ ಅಲ್ಲ. ಆದರೆ ಬೆಟ್ಟದ ಮೇಲಿನ ಕೆರೆಯಲ್ಲಿ ಟ್ರೌಟ್ ಮೀನು ಯಾವ ಗಾಳಿಗೆ ದಡಕ್ಕೆ ಬರುತ್ತದೆ, ಯಾವ ಬಿಸಿಲಿಗೆ ಆಳಕ್ಕೆ ಇಳಿಯುತ್ತದೆ ಎಂದು ಇಂಗ್ಲಿಷಿನಲ್ಲಿ ಕೇಳಿ, ತಡವರಿಸದೆ ಹೇಳುತ್ತೇನೆ. ಅದೇ ಇಂಗ್ಲಿಷಿನಲ್ಲಿ ಬ್ಯಾಂಕಿನವರು ನನ್ನ ವಿಳಾಸ ಕೇಳಿದರೆ ಗೋಡೆ ನೋಡುತ್ತೇನೆ.

ಇದಕ್ಕೆಲ್ಲ ನಮ್ಮ ಯಜಮಾನರೇ ಕಾರಣ. ಹೆಸರು ಆಮೇಲೆ ಬರುತ್ತದೆ, ಗಂಡನ ಹೆಸರನ್ನು ಬಾಯಿಬಿಟ್ಟು ಹೇಳುವ ರೂಢಿ ನಮ್ಮ ಕಡೆ ಇರಲಿಲ್ಲ. ಮೈಸೂರಿನಲ್ಲಿ ನೀರು ಸರಬರಾಜಿನ ಎಂಜಿನಿಯರಾಗಿದ್ದವರು ಎಂಬತ್ತರ ದಶಕದ ಕೊನೆಯಲ್ಲಿ ಸಿಡ್ನಿಗೆ ಬಂದು ಅದೇ ಬಗೆಯ ಕೆಲಸ ಹಿಡಿದರು. ಟೂಂಗಾಬಿಯಲ್ಲಿ ಮನೆ ಮಾಡಿದೆವು. ನೀರು ಎಲ್ಲಿ ಕಂಡರೂ ಅದರ ಮಟ್ಟ ವಿಚಾರಿಸುವುದು ಅವರ ಹುಟ್ಟುಗುಣ. ಮದುವೆಯಾದ ಹೊಸದರಲ್ಲಿ ನನ್ನನ್ನು ಕೆಆರ್‌ಎಸ್‌ಗೆ ಕರೆದುಕೊಂಡು ಹೋಗಿ, ಬೃಂದಾವನದ ದೀಪ ಹತ್ತುವ ಮೊದಲೇ ಅಣೆಕಟ್ಟಿನ ತೂಬು ತೋರಿಸಿ ವಾಪಸು ಕರೆತಂದವರು. ಇಲ್ಲಿ ಆಫೀಸಿನ ಗೆಳೆಯನೊಬ್ಬ ಅವರನ್ನು ಯೂಕಂಬೀನ್ ಎಂಬ ಬೆಟ್ಟದ ಕೆರೆಗೆ ಕರೆದೊಯ್ದ. ಹೋದದ್ದು ಅಣೆಕಟ್ಟು ನೋಡಲು. ಬಂದದ್ದು ಗಾಳದ ಕೋಲು ಹಿಡಿದುಕೊಂಡು.

ನಾನು ರಂಪ ಮಾಡಲಿಲ್ಲ. ಮೀನು ಗ್ಯಾರೇಜ್ ದಾಟಿ ಒಳಗೆ ಬರಬಾರದು ಎಂದೆ, ಅಷ್ಟೆ. ಅವರಿಗೂ ಅದನ್ನು ತಿನ್ನುವ ಆಸೆ ಇರಲಿಲ್ಲ. ಹಿಡಿದದ್ದರಲ್ಲಿ ಹೆಚ್ಚಿನವನ್ನು ಒಮ್ಮೆ ಮುಖ ನೋಡಿ ನೀರಿಗೇ ಬಿಟ್ಟುಬಿಡುತ್ತಿದ್ದರು. ಉಳಿದದ್ದು ಶೇಖರ ಶೆಟ್ಟರಿಗೆ. ಶೆಟ್ಟರು ಉಡುಪಿ ಕಡೆಯವರು, ಹಿಂದಿನ ಬೀದಿಯಲ್ಲಿ ಮನೆ, ನನ್ನನ್ನು ಅಕ್ಕ ಎನ್ನುತ್ತಿದ್ದರು, ಇವರನ್ನು ಭಾವ ಎನ್ನುತ್ತಿದ್ದರು. ಇಬ್ಬರೂ ಒಟ್ಟಿಗೇ ಕೆರೆಗೆ ಹೋಗುವುದು. ಒಬ್ಬರಿಗೆ ಹಿಡಿಯಲು ಬರುತ್ತದೆ, ತಿನ್ನುವಂತಿಲ್ಲ. ಇನ್ನೊಬ್ಬರು ಚೆನ್ನಾಗಿ ತಿನ್ನುತ್ತಾರೆ, ಹಿಡಿಯಲು ಬರುವುದಿಲ್ಲ. ಇಷ್ಟು ಹೊಂದಿಕೊಂಡ ಜೋಡಿಯನ್ನು ನಾನು ಮದುವೆಗಳಲ್ಲೂ ಕಂಡಿಲ್ಲ.

"ಈ ಟ್ರೌಟಿಗೆ ರುಚಿ ಎಂತದೂ ಇಲ್ಲ ಅಕ್ಕ," ಎನ್ನುತ್ತಿದ್ದರು ಶೆಟ್ಟರು. "ಉಪ್ಪುನೀರು ಕಾಣದ ಮೀನಲ್ವಾ. ಮಸಾಲೆ ಹಾಕಿದ್ರೆ ಮಸಾಲೆಯ ರುಚಿ, ಹಾಕದಿದ್ರೆ ನೀರಿನ ರುಚಿ."

"ಮತ್ತೆ ಯಾಕ್ರೀ ತಿಂತೀರಿ?"

"ಭಾವನಿಗೆ ಬೇಜಾರಾಗ್ಬಾರ್ದಲ್ಲ."

ಶೆಟ್ಟರ ಮನಸ್ಸೆಲ್ಲ ಬಾಸ್ ಎಂಬ ಇನ್ನೊಂದು ಮೀನಿನ ಮೇಲೆ. ಅದಕ್ಕೆ ಬೆಚ್ಚಗಿನ ನೀರು ಬೇಕು, ಮುಳುಗಿದ ಮರದ ಬೊಡ್ಡೆ ಬೇಕು, ಆಕಾಶದಲ್ಲಿ ಒಂದಿಷ್ಟು ಗುಡುಗು ಇದ್ದರೆ ಇನ್ನೂ ಒಳ್ಳೆಯದು. ಯಜಮಾನರದು ಟ್ರೌಟ್. "ಬಾಸ್ ಶೆಟ್ಟರ ಹಾಗೆ ಕಣೆ, ಸೆಕೆ, ಗಲಾಟೆ ಇದ್ರೆ ಹುರುಪು. ಟ್ರೌಟ್ ನನ್ನ ಹಾಗೆ. ತಂಪಾಗಿರಬೇಕು, ಸದ್ದಿರಬಾರದು," ಎಂದರು ಒಮ್ಮೆ. ಹೌದು, ಎಷ್ಟು ಕರೆದರೂ ಊಟಕ್ಕೆ ಬರುವುದಿಲ್ಲ ಎಂದೆ ನಾನು.

ಟ್ರೌಟಿಗೆ ಅವರು ಹಾಕುತ್ತಿದ್ದುದು ನಿಜವಾದ ಹುಳವನ್ನಲ್ಲ. ಕೊಕ್ಕೆಗೆ ಗರಿ, ನೂಲು ಸುತ್ತಿ ಹುಳದಂತೆ ಕಾಣಿಸುವುದು, ಅದಕ್ಕೆ ಫ್ಲೈ ಎನ್ನುತ್ತಾರೆ. ಚಳಿಗಾಲದ ಸಂಜೆಯೆಲ್ಲ ಕನ್ನಡಕ ಮೂಗಿನ ತುದಿಗೆ ತಂದು ಅದನ್ನು ಸುತ್ತುತ್ತಾ ಕೂರುತ್ತಿದ್ದರು. ಒಂದು ವರಲಕ್ಷ್ಮಿ ಹಬ್ಬಕ್ಕೆ ನನ್ನ ಧಾರೆ ಸೀರೆ ತೆಗೆದರೆ ಸೆರಗಿನ ಅಂಚು ಬೋಳು. ಒಳ್ಳೆಯ ಮೈಸೂರು ಜರಿ, ಒಂದೊಂದೇ ಎಳೆ ಬಿಡಿಸಿಕೊಂಡಿದ್ದರು. ಕೇಳಿದರೆ, "ಅಂಗಡಿ ಜರಿ ನೀರಲ್ಲಿ ಕಪ್ಪಾಗತ್ತೆ. ಇದು ಹೊಳೆಯುತ್ತೆ ನೋಡು, ಮೀನು ದೂರದಿಂದ ಬರತ್ತೆ," ಎಂದು ನನ್ನನ್ನೇ ಹೊಗಳಿದಂತೆ ಹೇಳಿದರು. ಎರಡು ದಿನ ಮಾತು ಬಿಟ್ಟೆ. ಅವರು ಗಮನಿಸಿದಂತೆ ಕಾಣಲಿಲ್ಲ.

ಪ್ರತಿ ಗುರುವಾರ ಸಂಜೆ ಅವರು ಕೆರೆಗೆ ಫೋನ್ ಮಾಡುತ್ತಿದ್ದರು. ದಡದಲ್ಲಿ ರಾನ್ ಎಂಬ ಮುದುಕನ ಅಂಗಡಿ. ಪೆಟ್ರೋಲು, ಹಾಲು, ಗಾಳದ ಸಾಮಾನು ಎಲ್ಲ ಅಲ್ಲೇ. ಶನಿವಾರ ಹೋಗಬೇಕೋ ಬೇಡವೋ ಎಂದು ಅವನನ್ನು ಕೇಳಿಯೇ ತೀರ್ಮಾನ. ಎಂಜಿನಿಯರಲ್ಲವೇ, ಕೇಳಿದ ಪ್ರತಿ ವಾಕ್ಯವನ್ನೂ ತಿರುಗಿ ಹೇಳಿ ಖಾತ್ರಿ ಮಾಡಿಕೊಳ್ಳುವ ಅಭ್ಯಾಸ. ನೀರು ಏರುತ್ತಿದೆ, ನಿಧಾನವಾಗಿ. ಹುಲ್ಲು ಮುಳುಗಿದೆ, ಹುಳ ಹುಡುಕಿಕೊಂಡು ಮೀನು ಅಂಚಿಗೆ ಬಂದಿದೆ. ಅಂಚಿನಲ್ಲಿ ರಾಡಿ, ಒಳಗೆ ತಿಳಿ. ವಾಯುವ್ಯದ ಗಾಳಿ. ಮೆಟ್ಟಿಲು ಕಾಣುತ್ತಿಲ್ಲ. ಈ ಮೆಟ್ಟಿಲು ಯಾವುದು ಎಂದು ಬಹಳ ದಿನ ನನಗೆ ತಿಳಿದಿರಲಿಲ್ಲ. ಅಣೆಕಟ್ಟು ಕಟ್ಟಿದಾಗ ಅಲ್ಲೊಂದು ಊರು ಮುಳುಗಿತಂತೆ. ನೀರು ಇಳಿದರೆ ಯಾವುದೋ ಮನೆಯ ಮೆಟ್ಟಿಲು ಮೇಲೆ ಬರುತ್ತದಂತೆ. ಚಳಿಗಾಲದ ಹೊಸ್ತಿಲಲ್ಲಿ ರಾನ್ ಇನ್ನೊಂದು ಮಾತು ಹೇಳುತ್ತಿದ್ದ. ಕೆರೆಗೆ ಸೇರುವ ನದಿಗಳಲ್ಲಿ ಮೀನು ಮೊಟ್ಟೆಯಿಡುವ ಕಾಲ, ಇನ್ನು ಅಲ್ಲಿ ಗಾಳ ಹಾಕುವಂತಿಲ್ಲ, ಸೀಸನ್ ಕ್ಲೋಸ್ಡ್. ಅದನ್ನು ತಿರುಗಿ ಹೇಳುವಾಗ ಇವರ ಮುಖ ರಜೆ ಮುಗಿದ ಹುಡುಗನ ಮುಖ. ಇದೆಲ್ಲವನ್ನೂ ನಾನು ಅಡುಗೆಮನೆಯಲ್ಲಿ ಚಪಾತಿ ಲಟ್ಟಿಸುತ್ತಾ ವರ್ಷಗಟ್ಟಲೆ ಕೇಳಿದೆ. ಬೇರೆ ಇಂಗ್ಲಿಷ್ ನನ್ನ ಕಿವಿಗೆ ಅಷ್ಟು ನಿಧಾನವಾಗಿ ಯಾರೂ ಹಾಕಲಿಲ್ಲ.

ಒಮ್ಮೆ ಹೊಟ್ಟೆ ಕೆಟ್ಟು ಡಾಕ್ಟರ ಹತ್ತಿರ ಹೋದಾಗ, ಈಗ ಹೇಗಿದೆ ಎಂದರು. ಅಂಚಿನಲ್ಲಿ ಸ್ವಲ್ಪ ರಾಡಿ, ಒಳಗೆ ತಿಳಿಯಾಗಿದೆ ಎಂದು ಸ್ಪಷ್ಟ ಇಂಗ್ಲಿಷಿನಲ್ಲಿ ಹೇಳಿದೆ. ಡಾಕ್ಟರು ಪೆನ್ನು ಕೆಳಗಿಟ್ಟು ಇವರ ಕಡೆ ನೋಡಿದರು. ಇವರು ಸೂರು ನೋಡಿದರು.

ಮಗಳು ವಿದ್ಯಾ ಮದುವೆಯಾಗಿ ಮೆಲ್ಬರ್ನ್ ಸೇರಿದ ಮೇಲೆ ನಮಗೆ ಅಲ್ಲಿಗೂ ಓಡಾಟ. ಎಲ್ಲರೂ ಹೆದ್ದಾರಿ ಹಿಡಿದು ಒಂದು ದಿನದಲ್ಲಿ ಮುಟ್ಟುತ್ತಾರೆ. ನಾವು ಬೆಟ್ಟ ಹತ್ತಿ, ಕೆರೆಯ ಬಳಿ ತಂಗಿ, ಮಾರನೇ ದಿನ ಮುಟ್ಟುತ್ತಿದ್ದೆವು. ನಾನು ಕಾರಿನಲ್ಲೇ ಕಂಬಳಿ ಹೊದ್ದು ಕೂತು, ಮೊಸರನ್ನದ ಡಬ್ಬಿ ಕಾಯುತ್ತಿದ್ದೆ. ಚಳಿಗೆ ಹೆದರಿ ರಾನ್‌ನ ಅಂಗಡಿಯೊಳಗೂ ಕಾಲಿಟ್ಟಿರಲಿಲ್ಲ. ಕತ್ತಲಾಗುವ ಹೊತ್ತಿಗೆ ಇವರು ಬರಿಗೈಯಲ್ಲಿ ಬಂದು, "ಮೀನು ಇತ್ತು ಕಣೆ. ನಾನು ನಿಂತ ದಡ ಸರಿ ಇರಲಿಲ್ಲ," ಎನ್ನುವರು. "ಹೌದು, ಕೆರೆಯದೇ ತಪ್ಪು," ಎನ್ನುವೆ. ಈ ಎರಡು ಮಾತು ನಮ್ಮ ಮನೆಯಲ್ಲಿ ಮಂತ್ರದ ಹಾಗೆ ಆಗಿತ್ತು, ಕೇಳಿ ಕೇಳಿ ಶೆಟ್ಟರಿಗೂ ಬಾಯಿಪಾಠ.

ಒಂದು ಮಾರ್ಚ್ ತಿಂಗಳಲ್ಲಿ, ಇಲ್ಲಿ ಬೇಸಿಗೆ ಮುಗಿದು ಚಳಿ ಶುರುವಾಗುವ ಹೊತ್ತಿಗೆ, ಆಫೀಸಿಗೆ ಹೊರಟು ಷೂ ಕಟ್ಟಿಕೊಳ್ಳುತ್ತಾ ಕೂತಿದ್ದವರು ಮೇಲೇಳಲಿಲ್ಲ. ಅದರ ಬಗ್ಗೆ ಇಷ್ಟೇ ಬರೆಯಬಲ್ಲೆ.

ಕರ್ಮಗಳೆಲ್ಲ ಮುಗಿದವು. ಶೆಟ್ಟರು ರಜೆ ಹಾಕಿ ನಿಂತು ಎಲ್ಲ ನಡೆಸಿದರು. ಪದ್ಮಾ ಆಂಟಿ ದಿನಾ ಸಾರು ತಂದಿಟ್ಟು, ಇದೊಂದು ಸಲ ಧಾರಾವಾಹಿಯ ದನಿಯಿಲ್ಲದೆ ಸುಮ್ಮನೆ ಪಕ್ಕದಲ್ಲಿ ಕೂತರು. ವಿದ್ಯಾ ಮೆಲ್ಬರ್ನಿಗೆ ಬಂದುಬಿಡು ಎಂದಳು. ನಾನು ಹೂಂ ಎಂದೆ. ಊರಿಗೆಲ್ಲ ಸುದ್ದಿ ಹೋಗಿತ್ತು, ಉಳಿದದ್ದು ರಾನ್ ಒಬ್ಬ.

"ಅಮ್ಮಾ, ಐ ವಿಲ್ ಟೆಲ್ ಹಿಮ್. ಎರಡೇ ನಿಮಿಷ," ಎಂದಳು ವಿದ್ಯಾ.

"ನಾನು ಹೇಳ್ತೇನೆ ಅಕ್ಕ, ನೀವು ತಲೆಬಿಸಿ ಮಾಡ್ಬೇಡಿ," ಎಂದರು ಶೆಟ್ಟರು.

ಮನೆಯವರೇ ಹೇಳಬೇಕು, ನಾನೇ ಹೇಳುತ್ತೇನೆ ಎಂದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಯಾವ ಇಂಗ್ಲಿಷಿನಲ್ಲಿ ಎಂದು ಅವರು ಕೇಳಲಿಲ್ಲ, ಅದು ಅವರ ಒಳ್ಳೆಯತನ.

ಗುರುವಾರ ಫೋನ್ ಹಚ್ಚಿದೆ. ಆ ಕಡೆಯಿಂದ ಹಲೋ ಎಂದ ಕೂಡಲೇ ನನ್ನ ಬಾಯಿಂದ ಬಂದದ್ದು, ಕೆರೆ ಹೇಗಿದೆ, ಎಂದು. ಬೇರೆ ಏನು ಬರಬೇಕು? ಮೂರ್ತಿಯ ಹೆಂಡತಿಯೇ ಎಂದು ಕೇಳಿ, ರಾನ್ ಸಮಾಚಾರ ಶುರುಮಾಡಿದ. ಮೇಲಿನ ನೀರು ತಣ್ಣಗಾಗುತ್ತಿದೆ, ಸಂಜೆ ಹೊತ್ತು ಮೀನು ಮೇಲೇಳುತ್ತಿದೆ. ನಾನು ಒಂದೊಂದನ್ನೂ ತಿರುಗಿ ಹೇಳಿದೆ. ಕೊನೆಗೆ, "ಟೆಲ್ ಹಿಮ್," ಎಂದ. ಹೇಳುತ್ತೇನೆ ಎಂದೆ. ಫೋನ್ ಇಟ್ಟು ಹೋಗಿ, ಹಾರ ಹಾಕಿದ ಫೋಟೋದ ಮುಂದೆ ನಿಂತು ಹೇಳಿದೆ. ಕೊಟ್ಟ ಮಾತಲ್ಲವೇ.

ಮುಂದಿನ ಗುರುವಾರವೂ ಹೀಗೇ ಆಯಿತು, ಅದರ ಮುಂದಿನ ಗುರುವಾರವೂ. ಇಡೀ ವಾರದಲ್ಲಿ ಆ ಒಂದು ಹೊತ್ತು ಮನೆ ಮೊದಲಿನ ಹಾಗೆ ಇರುತ್ತಿತ್ತು. ಹೇಳಿಬಿಟ್ಟರೆ ಅದೂ ಹೋಗುತ್ತದೆ. ರಾನ್‌ಗೆ ಮಾತ್ರ ಅವರು ಇನ್ನೂ ಕೆಲಸದ ಗಡಿಬಿಡಿಯಲ್ಲಿದ್ದ ಮನುಷ್ಯ. ಪ್ರಪಂಚದಲ್ಲಿ ಒಂದು ಕಡೆಯಾದರೂ ಹಾಗಿರಲಿ ಎಂದು ನನ್ನ ಆಸೆ.

ಮೇ ತಿಂಗಳ ಕೊನೆಗೆ ಒಂದು ಗುರುವಾರ ರಾನ್ ಬಹಳ ಹುಮ್ಮಸ್ಸಿನಲ್ಲಿದ್ದ. ಮಳೆ ಬಂದಿದೆ, ಮೀನು ಗುಂಪುಗುಂಪಾಗಿ ನದಿಯ ಕಡೆ ಹೊರಟಿದೆ, ಈ ವರ್ಷ ಇಂಥ ವಾರ ಮತ್ತೆ ಬಾರದು. "ಮೂರ್ತಿಗೆ ಶನಿವಾರ ಬರಲೇಬೇಕು ಅಂತ ಹೇಳು. ನಾನೂ ಅಂಗಡಿ ಮುಚ್ಚಿ ಜೊತೆಗೆ ಬರ್ತೇನೆ. ಕಾಯ್ತಿರ್ತೇನೆ."

ಚಳಿಯಲ್ಲಿ ಮುದುಕ ಕಾಯುತ್ತಾ ನಿಲ್ಲುತ್ತಾನೆ. ಅದು ಆಗಬಾರದು. ಇದ್ದಬದ್ದ ಇಂಗ್ಲಿಷನ್ನೆಲ್ಲ ತಡಕಿದೆ. ನೀರು, ಗಾಳಿ, ರಾಡಿ, ಹುಲ್ಲು. ಸಾವಿಗೆ ಒಂದು ಶಬ್ದ ಅದರಲ್ಲಿರಲಿಲ್ಲ. ಜನ್ಮದಲ್ಲಿ ಮೊದಲ ಸಲ ಗಂಡನ ಹೆಸರು ಹಿಡಿದೆ.

"ಮೂರ್ತಿ," ಎಂದೆ. "ಮೂರ್ತಿ ನಾಟ್ ಕಮಿಂಗ್. ಸೀಸನ್ ಕ್ಲೋಸ್ಡ್."

ಆ ಕಡೆ ಪೆಟ್ರೋಲಿಗೆ ಯಾವುದೋ ಕಾರು ಬಂದು ಹಾರನ್ ಮಾಡಿತು, ರಾನ್ ಹೋಗಲಿಲ್ಲ. ಯಾವಾಗ ಎಂದ. ಮೊದಲ ಚಳಿಗೆ ಎಂದೆ. ಮತ್ತೆ ಕೇಳಿದ, ಮೆಲ್ಲಗೆ, ನೀನು ಹೇಗಿದ್ದೀ ಎಂದು.

ಡಾಕ್ಟರಿಗೆ ಹೇಳಿದ್ದನ್ನೇ ಹೇಳಿದೆ. ಅಂಚಿನಲ್ಲಿ ರಾಡಿ. ಈ ಸಲ ಒಳಗೆ ತಿಳಿ ಎನ್ನಲಿಲ್ಲ.

ರಾನ್ ಪೆನ್ನು ಕೆಳಗಿಡುವವನಲ್ಲ. "ದೊಡ್ಡ ಮಳೆ ಆದ್ಮೇಲೆ ಹಾಗೇ ಇರತ್ತೆ. ಕಾಲು ಹಾಕಿ ಕಲಕಬೇಡ. ತಾನಾಗಿ ಕೂರತ್ತೆ," ಎಂದ. ಆಮೇಲೆ ಗಾಳಿ ಯಾವ ದಿಕ್ಕಿನದು, ನೀರು ಎಲ್ಲಿಗೆ ಬಂದಿದೆ, ಎಲ್ಲವನ್ನೂ ಮೊದಲಿನಿಂದ ಇನ್ನೊಮ್ಮೆ ನಿಧಾನವಾಗಿ ಹೇಳಿದ. ನಾನು ತಿರುಗಿ ಹೇಳಿದೆ, ಕೆಲವು ಶಬ್ದ ಸರಿಯಾಗಿ ಹೊರಡಲಿಲ್ಲ, ಅವನು ಕಾದ. ಫೋನ್ ಇಡುವ ಮುಂಚೆ, "ಗುರುವಾರ ಮಾಡು. ನೀನು ಮಾಡದಿದ್ರೆ ನಾನು ಮಾಡ್ತೇನೆ," ಎಂದ. ಹೇಳಿಬಿಟ್ಟರೆ ಈ ಗುರುವಾರವೇ ಹೋಗಿಬಿಡುತ್ತದೆ ಎಂದು ನಾನು ಇಷ್ಟು ದಿನ ಹೆದರಿದ್ದೆ.

ಮನೆ ಖಾಲಿ ಮಾಡಿದಾಗ ವಿದ್ಯಾ ವಿಮಾನ ಬುಕ್ ಮಾಡುತ್ತೇನೆ ಎಂದಳು. ಶೆಟ್ಟರು, ಬೇಡ ಮಾರಾಯ್ತಿ, ಅಕ್ಕನನ್ನು ನಾನೇ ಕರ್ಕೊಂಡು ಬರ್ತೇನೆ, ಎಂದು ಬೆಟ್ಟದ ದಾರಿಯಲ್ಲೇ ಕಾರು ಬಿಟ್ಟರು. ಆವತ್ತು ಮೊದಲ ಬಾರಿಗೆ ಅಂಗಡಿಯೊಳಗೆ ಹೋದೆ. ದನಿ ಕೇಳಿ ಆರಡಿ ಆಳು ಎಂದುಕೊಂಡಿದ್ದ ರಾನ್ ನನ್ನ ಭುಜಕ್ಕೆ ಬರುತ್ತಿದ್ದ. ಕೈ ಕುಲುಕಿ, ಗೋಡೆಯ ಕಡೆ ತೋರಿಸಿದ. ಒಂದು ಬೆಂಡಿನ ಹಲಗೆಗೆ ಪುಟ್ಟ ಫ್ಲೈ ಚುಚ್ಚಿತ್ತು. ಈ ಕೆರೆಯಲ್ಲಿ ಇದಕ್ಕಿಂತ ಚೆನ್ನಾಗಿ ಕೆಲಸ ಮಾಡಿದ್ದು ಇನ್ನೊಂದಿಲ್ಲ, ಮೂರ್ತಿ ಕೊಟ್ಟದ್ದು, ಆ ಹೊಳೆಯುವ ಎಳೆ ಎಲ್ಲಿ ಸಿಗುತ್ತದೆ ಎಂದು ಮಾತ್ರ ಹೇಳಲಿಲ್ಲ, ಎಂದ.

"ಅಕ್ಕ, ಅದು ನಿಮ್ಮ ಸೀರೆಯದ್ದಲ್ವಾ?" ಎಂದರು ಶೆಟ್ಟರು.

ಹೌದು ಎಂದೆ. ಆ ಎರಡು ದಿನ ಮಾತು ಬಿಟ್ಟಿದ್ದನ್ನು ವಾಪಸು ತೆಗೆದುಕೊಳ್ಳುವಂತಿದ್ದರೆ ತೆಗೆದುಕೊಳ್ಳುತ್ತಿದ್ದೆ. ಕಾರಿನ ಡಿಕ್ಕಿಯಿಂದ ಸೀರೆ ತೆಗೆದು, ಉಳಿದ ಅಂಚಿನಲ್ಲಿ ಒಂದು ಗೇಣು ಕತ್ತರಿಸಿ ರಾನ್‌ನ ಕೈಗೆ ಕೊಟ್ಟೆ.

ಈಗ ಮೆಲ್ಬರ್ನಿನಲ್ಲಿದ್ದೇನೆ. ಗುರುವಾರ ಸಂಜೆ ರಾನ್‌ಗೆ ಫೋನ್ ಮಾಡುತ್ತೇನೆ, ಅದಾದ ಮೇಲೆ ಸಿಡ್ನಿಯಿಂದ ಶೆಟ್ಟರ ಫೋನ್ ಬರುತ್ತದೆ. ರಾನ್‌ನ ಇಂಗ್ಲಿಷ್ ತನಗೆ ತಿಳಿಯುವುದಿಲ್ಲವಂತೆ, ನಾನು ಹೇಳಿದರೆ ಹೊರಡುತ್ತಾರಂತೆ. ನನಗೆ ಗೊತ್ತು, ತಿಳಿಯುತ್ತದೆ. ಆದರೂ ಹೇಳುತ್ತೇನೆ. ಮೀನನ್ನು ಇಂದಿಗೂ ಮುಟ್ಟದವಳ ಮಾತು ನಂಬಿ ಒಬ್ಬ ಮನುಷ್ಯ ನಸುಕಿನಲ್ಲೆದ್ದು ಬೆಟ್ಟ ಹತ್ತುತ್ತಾನೆ. ಕಳೆದ ವಾರ, ಧೈರ್ಯವಾಗಿ ಹೋಗಿ ಶೆಟ್ಟರೇ, ಗಾಳಿ ವಾಯುವ್ಯಕ್ಕೆ ತಿರುಗುತ್ತದೆ, ಮೀನು ಅಂಚಿಗೆ ಬಂದೇ ಬರುತ್ತದೆ, ಎಂದಿದ್ದೆ. ಭಾನುವಾರ ಫೋನ್ ಬಂತು.

"ಎಂತ ಅಕ್ಕ, ಒಂದು ಪೊಡಿ ಮೀನೂ ಇಲ್ಲ. ಮೂಗು ಮಾತ್ರ ಮಂಜಾಯ್ತು."

ಕ್ಷಮೆ ಕೇಳಬೇಕೆಂದೇ ಬಾಯಿ ತೆರೆದೆ.

"ಮೀನು ಇತ್ತು ಶೆಟ್ಟರೇ," ಎಂದೆ. "ನೀವು ನಿಂತ ದಡ ಸರಿ ಇರಲಿಲ್ಲ."

 ಹಿಂದೆ ನಾನು ಹೇಳುತ್ತಿದ್ದ ಮಾತನ್ನು ಈ ಸಲ ಶೆಟ್ಟರೇ ನಿಧಾನವಾಗಿ ಹೇಳಿದರು. "ಹೌದು ಅಕ್ಕ, ಕೆರೆಯದೇ ತಪ್ಪು."