ಅಮ್ಮನಿಗಾಗಿ ಬರೆದ ಹದಿಹರೆಯದ ಕಾದಂಬರಿ

ಒಂದು ಮಾತು ಹೇಳುವುದಕ್ಕೆ ಧೈರ್ಯ ಸಾಲದವರು ಏನೇನೋ ಮಾಡುತ್ತಾರೆ. ಕೆಲವರು ಕುಡಿಯುತ್ತಾರೆ, ಕೆಲವರು ಹರಕೆ ಹೊರುತ್ತಾರೆ. ನಾನು ಕಾದಂಬರಿ ಬರೆದೆ. ‘ನನಗೆ ಗಂಡು ನೋಡಬೇಡ, ನಾನು ರೂಪಾನ ಪ್ರೀತಿಸ್ತೀನಿ’ ಅಂತ ಅಮ್ಮನಿಗೆ ಹೇಳಬೇಕಾಗಿತ್ತು, ಅಷ್ಟೇ. ಕೊಂಕಣ ಸುತ್ತಿ ಮೈಲಾರಕ್ಕೆ ಬಂದರು ಅಂತಾರಲ್ಲ, ಹಾಗೆ ಇನ್ನೂರು ಪುಟ ಸುತ್ತಿದೆ.

ಬಾಯಲ್ಲಿ ಹೇಳಲು ಪ್ರಯತ್ನಿಸಲೇ ಇಲ್ಲ ಅಂದುಕೊಳ್ಳಬೇಡಿ. ಬಸವೇಶ್ವರನಗರದ ನಮ್ಮ ಅಡುಗೆಮನೆಯಲ್ಲಿ ನಾನು ಬಾಯಿ ತೆರೆದಾಗಲೆಲ್ಲ ಕುಕ್ಕರ್ ಕೂಗುತ್ತಿತ್ತು. ಕುಕ್ಕರ್ ಕೂಗುವಾಗ ಯಾರೂ ಮಾತಾಡಕೂಡದು, ಅಮ್ಮನಿಗೆ ಲೆಕ್ಕ ತಪ್ಪುತ್ತದೆ. ಒಮ್ಮೆ ಮೆಟ್ರೊದಲ್ಲಿ, ವಿಜಯನಗರ ದಾಟುತ್ತಿದ್ದಂತೆ, ರೂಪಾ ನನಗೆ ಬರೀ ಫ್ರೆಂಡ್ ಅಲ್ಲ ಎಂದೆ. ಗೊತ್ತು ಕಣೇ, ಮನೆ ಮಗಳಿದ್ದಂಗೆ, ಅವಳಿಗೂ ಒಂದು ಗಂಡು ನೋಡಬೇಕು ಅಂದಳು ಅಮ್ಮ. ಒಂದು ಗಂಡಿನಿಂದ ತಪ್ಪಿಸಿಕೊಳ್ಳಲು ಹೋಗಿ ಎರಡಾಯಿತು. ಹುಬ್ಬಳ್ಳಿಯ ರೂಪಾ ಇದನ್ನು ಕೇಳಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನನಗೆ ಹಠ ಬಂತು. ಬರೆದೇ ತೀರುತ್ತೇನೆ ಎಂದು ಕೂತೆ.

ಹದಿಹರೆಯದವರ ಪುಸ್ತಕವೆಂದರೆ ಅಮ್ಮ ಅನುಮಾನ ಪಡುವುದಿಲ್ಲ. ಅದಕ್ಕೇ ನಾಯಕಿಗೆ ಹದಿನಾರು ವರ್ಷ ಮಾಡಿದೆ. ತನ್ನ ಮನಸ್ಸು ಹುಡುಗಿಯರ ಕಡೆಗೇ ವಾಲುವುದು ಗೊತ್ತಾಗಿ, ತನ್ನಂಥವರು ಹಿಂದೆಯೂ ಇದ್ದರೇ ಎಂದು ಅವಳು ಹುಡುಕುತ್ತಾಳೆ. ಅವಳಿಗೆ ಸಿಗಲೆಂದು, ಆರ್‌ಪಿಸಿ ಲೇಔಟಿನಲ್ಲಿ ನಾವು ಬಾಡಿಗೆಗಿದ್ದ ಬೀದಿಯ ಇಬ್ಬರು ಟೀಚರುಗಳನ್ನು ಕಥೆಗೆ ತಂದೆ. ಒಂದೇ ಮನೆಯಲ್ಲಿದ್ದು ಮುದುಕಿಯರಾದವರು. ಬೀದಿಯೆಲ್ಲ ಅಕ್ಕತಂಗಿ ಅನ್ನುತ್ತಿತ್ತು. ಒಬ್ಬರು ತಮಿಳಿನವರು, ಇನ್ನೊಬ್ಬರು ಮಂಡ್ಯದವರು, ಅದು ಯಾವ ಸೀಮೆ ಅಕ್ಕತಂಗಿಯೋ! ಮುಚ್ಚಿಹೋದ ಚರಿತ್ರೆಯನ್ನು ಅಗೆದು ತೆಗೆದೆನೆಂದು ಬೀಗುತ್ತ ಹಸ್ತಪ್ರತಿಯನ್ನು ಅಮ್ಮನ ಕೈಗಿಟ್ಟೆ.

ಎರಡೇ ದಿನದಲ್ಲಿ ಮುಗಿಸಿದಳು. ಆ ಹುಡುಗಿಗಾಗಿ ಅತ್ತುಬಿಟ್ಟೆ ಅಂದಳು. ಆದರೆ ಟೀಚರುಗಳದ್ದು ಗುಟ್ಟು ಅಂತ ಯಾಕೆ ಬರೆದಿದೀಯ ಎಂದು ತಗಾದೆ ತೆಗೆದಳು. ಸಂಕ್ರಾಂತಿಗೆ ಎಳ್ಳು ಬೀರುವಾಗ ಬೀದಿಯವರು ಆ ಇಬ್ಬರಿಗೂ ಸೇರಿ ಒಂದೇ ಪೊಟ್ಟಣ ಕೊಡುತ್ತಿದ್ದರಂತೆ, ಸಂಸಾರ ಒಂದೇ ಅಂತ.

“ಅಕ್ಕತಂಗಿ ಅಂತ ಹಬ್ಬಿಸಿದ್ದು ನಾವು ಹೆಂಗಸರೇ ಕಣೇ. ಇಲ್ದಿದ್ರೆ ಓನರ್ ಮನೆ ಖಾಲಿ ಮಾಡಿಸ್ತಿದ್ದ.”

ಇಂಥ ಅಮ್ಮನಿಗೆ ಇನ್ನೇನು ಬಿಡಿಸಿ ಹೇಳುವುದು ಎಂದು ನಾನು ನಿರಾಳವಾಗುವಷ್ಟರಲ್ಲಿ, ಭಾನುವಾರ ನಂದಿನಿ ಲೇಔಟಿನಿಂದ ನಿನ್ನನ್ನು ನೋಡೋಕೆ ಬರ್ತಾರೆ, ಎಲ್ಲೂ ಹೋಗಬೇಡ ಅಂದಳು.

ಹೊಳೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು. ಎರಡನೇ ಭಾಗ ಬರೆಯುವ ತಾಕತ್ತಂತೂ ನನಗಿರಲಿಲ್ಲ. ಹೋಗಿ ಸ್ಟೌ ಆರಿಸಿ ಬಂದು ಅಮ್ಮನ ಎದುರಿಗೆ ಕೂತೆ.

“ಅಮ್ಮಾ, ಆ ಹುಡುಗಿ ನಾನೇ. ನಾನು ರೂಪಾನ ಪ್ರೀತಿಸ್ತೀನಿ. ಯಾವ ಗಂಡೂ ಬೇಡ.”

ಈ ಸಲ ಪೂರ್ತಿ ಹೇಳಿದೆ. ಅಮ್ಮನ ಕಣ್ಣಲ್ಲಿ ನೀರು ಬಂತು. ಆಮೇಲೆ ಹಸ್ತಪ್ರತಿ ಎಳೆದುಕೊಂಡು, ಕಥೆಯ ತಾಯಿ ಮಗಳ ಮುಂದಿನ ಅನ್ನದ ತಟ್ಟೆ ಎಸೆದು ಅವಳನ್ನು ಮನೆಯಿಂದ ಆಚೆ ಹಾಕುವ ಪುಟ ಹುಡುಕಿ ನನ್ನ ಮುಂದೆ ಹಿಡಿದಳು.

“ಹಂಗಾದ್ರೆ ಇವಳು ನಾನಾ?”

ಭಾನುವಾರದವರಿಗೆ ಅಮ್ಮನೇ ಫೋನ್ ಮಾಡಿ ಬರಬೇಡಿ ಅಂದಳು. ನನ್ನ ಮೇಲಿನ ಸಿಟ್ಟು ಮಾತ್ರ ಇಳಿದಿಲ್ಲ. ರೂಪಾಳ ವಿಷಯಕ್ಕಲ್ಲವಂತೆ, ಆ ತಟ್ಟೆಯ ವಿಷಯಕ್ಕಂತೆ. ಆ ಪುಟ ಹರಿದು ಮತ್ತೆ ಬರೆಯಲು ಕೂತಿದ್ದೇನೆ. ಹಾಗಾದರೆ ತಾಯಿ ಏನು ಮಾಡಬೇಕು, ನೀನೇ ಹೇಳು ಎಂದು ಕೇಳಿದೆ. ಅಮ್ಮ ತಲೆ ಎತ್ತದೆ ಅವರೆಕಾಳು ಬಿಡಿಸುತ್ತ ಹೇಳಿದಳು:

“ಮೂವತ್ತು ವರ್ಷದಿಂದ ನಾನಿಕ್ಕಿದ್ದನ್ನ ಉಣ್ತಿದೀಯ. ನಿಂಗೇ ಗೊತ್ತಿರ್ಬೇಕಲ್ಲ.”