ಆನೆಮರಿಗೆ ಬಾಲವಿಲ್ಲ, ಆದರೂ ಪಾಸ್

ಪುಸ್ತಕ ಓದಿ ತೆಪ್ಪಗಿರುವ ಮನುಷ್ಯರನ್ನು ನಾನಿನ್ನೂ ನೋಡಿಲ್ಲ. ನಮ್ಮ ಲೈಬ್ರರಿಯ ಬಾಗಿಲು ತೆಗೆದರೆ ಸಾಕು, ವಾರಕ್ಕೊಂದಾದರೂ ರಗಳೆ ನಡೆದೇ ನಡೆಯುತ್ತದೆ.

ಲೈಬ್ರರಿ ಅಂದರೆ ಭಾರಿ ಏನಲ್ಲ. ಕಾಡುಗೋಡಿ ದಾಟಿದ ಮೇಲೆ ಸಿಗುವ ನಮ್ಮ ಅಪಾರ್ಟ್‌ಮೆಂಟಿನ ನೆಲಮಹಡಿಯಲ್ಲಿ, ಜನರೇಟರ್ ಪಕ್ಕದ ಒಂದು ರೂಮು. ಕರೆಂಟ್ ಹೋದಾಗ ಪುಸ್ತಕಗಳೆಲ್ಲ ಸಣ್ಣಗೆ ನಡುಗುತ್ತವೆ. ಮುಕ್ಕಾಲು ಪಾಲು ಮಕ್ಕಳ ಚಿತ್ರಪುಸ್ತಕ, ಒಂದು ಕಪಾಟು ಪತ್ತೇದಾರಿ, ಮತ್ತೊಂದರಲ್ಲಿ ಅಡುಗೆ, ಯೋಗ, ಕಾದಂಬರಿ ಎಲ್ಲ ಒಟ್ಟಿಗೆ ಸಂಸಾರ ಮಾಡಿಕೊಂಡಿವೆ. ನೋಡಿಕೊಳ್ಳುವವಳು ನಾನು. ಹದಿನಾರು ವರ್ಷ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ಯೂಸರ್ ಮ್ಯಾನ್ಯುಯಲ್ ಬರೆದವಳು. ಅವುಗಳಲ್ಲಿ ಒಂದನ್ನಾದರೂ ಯಾರಾದರೂ ಓದಿದ್ದಕ್ಕೆ ಸಾಕ್ಷಿಯಿಲ್ಲ. ಹಾಗಾಗಿ ಓದುಗರೆಂದರೆ ನನಗೆ ಬೇರೆಯವರಿಗಿಂತ ಕೊಂಚ ಜಾಸ್ತಿ ಪ್ರೀತಿ.

ಈ ವರ್ಷದ ಶುರುವಿನಲ್ಲಿ ಅಸೋಸಿಯೇಷನ್ ಸೆಕ್ರೆಟರಿ ಬಂದು ಬಾಗಿಲಲ್ಲೇ ನಿಂತರು.

"ಮೇಡಂ, ಗೇಟಲ್ಲಿ ಪಾರ್ಸಲ್ ಇಡಕ್ಕೆ ಜಾಗ ಇಲ್ಲ. ಸೆಕ್ಯುರಿಟಿಯವನು ಯಾರದೋ ಕುಕ್ಕರ್ ಮೇಲೆ ಕೂತು ಡ್ಯೂಟಿ ಮಾಡ್ತಿದಾನೆ. ಈ ರೂಮು ಇನ್ಮೇಲೆ ಪಾರ್ಸಲ್ ರೂಮ್."

"ಇಲ್ಲಿ ಜನ ಓದ್ತಾರೆ ಸಾರ್."

"ಓದ್ತಾರೆ ಅಂತ ನೀವು ಹೇಳ್ತೀರಿ. ರೆಕಾರ್ಡ್ ಎಲ್ಲಿ? ಮೂರು ತಿಂಗಳು ಟೈಮ್ ಕೊಡ್ತೀನಿ. ಜನರಲ್ ಬಾಡಿ ಮೀಟಿಂಗಿಗೆ ರೆಕಾರ್ಡ್ ತನ್ನಿ, ಇಲ್ಲಾ ಬೀಗದಕೈ ತನ್ನಿ."

ಅವತ್ತಿನಿಂದಲೇ ಕೂತು ಪ್ರತಿ ಪುಸ್ತಕದ ಹಿಂದೆ ಒಂದೊಂದು ಚೀಟಿ ಸಿಕ್ಕಿಸಿದೆ. ಓದಿದ ಮೇಲೆ ಅದರಲ್ಲಿ ಅಭಿಪ್ರಾಯ ಬರೆಯಲೇಬೇಕು. ಬರೆಯದವರಿಗೆ ಮುಂದಿನ ಪುಸ್ತಕ ಇಲ್ಲ. ನಿಯಮ ಇಷ್ಟೇ. ಆದರೆ ಇಷ್ಟಕ್ಕೇ ಏನೇನಾಯಿತು ಕೇಳಿ.

ಕಳೆದುಹೋದ ಮೊಟ್ಟೆ

ನಮ್ಮ ಗೇಟಿನಾಚೆ ಸೊಪ್ಪು ಮಾರುವಾಕೆ ಈ ಊರಿನವಳೇ. ನಾವೀಗ ಸ್ವಿಮ್ಮಿಂಗ್ ಪೂಲ್ ಅನ್ನುವ ಜಾಗದಲ್ಲಿ ಅವರ ಮನೆಯವರು ರಾಗಿ ಬೆಳೆಯುತ್ತಿದ್ದರಂತೆ. ಮೊಮ್ಮಗಳಿಗೆಂದು ಒಂದು ಚಿತ್ರಪುಸ್ತಕ ಒಯ್ದಿದ್ದಳು. ಕೋಳಿಯೊಂದು ತನ್ನ ಮೊಟ್ಟೆ ಕಳೆದುಕೊಂಡು ಹುಡುಕುವ ಕತೆ. ನಾಲ್ಕು ದಿನ ಬಿಟ್ಟು ಬಂದು, ಮೆಂತ್ಯದ ಕಟ್ಟನ್ನು ನನ್ನ ಮೇಜಿನ ಮೇಲಿಟ್ಟು ಕೇಳಿದಳು:

"ಅಕ್ಕ, ಇದ್ ಮಾಡಿದೋರು ಯಾವತ್ತಾದ್ರೂ ಕೋಳಿ ಸಾಕವ್ರಾ?"

"ಗೊತ್ತಿಲ್ಲಮ್ಮ. ಯಾಕೆ?"

"ಮೊಮ್ಮಗಳು ಓದಿ ಏಳಿದ್ಲು. ಪಾಪ, ಊರೆಲ್ಲಾ ಉಡುಕ್ತದೆ. ಅಸೂನ ಕೇಳ್ತದೆ, ಮೇಕೇನ ಕೇಳ್ತದೆ, ಅಳ್ತದೆ. ನಂಗೂ ಒಟ್ಟೆ ಉರೀತು. ಆಮ್ಯಾಕೆ ಚಿತ್ರ ನೋಡ್ದೆ. ಈ ಜುಟ್ಟು ನೋಡಕ್ಕ, ಈ ಬಾಲ ನೋಡು. ಇದು ಉಂಜ!"

ನೋಡಿದೆ. ಹೌದು, ಕೆಂಪು ಜುಟ್ಟಿನ, ಬಾಗಿದ ಬಾಲದ ಭರ್ಜರಿ ಹುಂಜ. ಪ್ರತಿ ಶನಿವಾರ ಮಕ್ಕಳನ್ನು ಕೂರಿಸಿಕೊಂಡು ಅದೇ ಪುಸ್ತಕವನ್ನು ರಾಗವಾಗಿ ಓದುತ್ತಿದ್ದ ನನಗೆ ಒಂದು ದಿನವೂ ಕಂಡಿರಲಿಲ್ಲ.

"ನಂಗೆ ಬರಿಯಾಕ್ ಬರಾಕಿಲ್ಲ, ನೀನೇ ಬರ್ಕೋ" ಎಂದಳು. ಪೆನ್ನು ತೆಗೆದೆ. ಆಕೆ ಬರೆಸಿದಳು:

"ಕತೆ ಚೆಂದಾಗದೆ. ಯಾರೂ ಅಳಬ್ಯಾಡಿ. ಅದು ಏನೂ ಕಳ್ಕೊಂಡಿಲ್ಲ."

ಕರಡಿಯ ಟೂ ಮಿನಿಟ್ಸ್

ಐದನೇ ಮಹಡಿಯ ಟೆಕ್ಕಿಯೊಬ್ಬರು ಕೊರಳಲ್ಲಿ ಐಡಿ ಕಾರ್ಡ್ ನೇತುಹಾಕಿಕೊಂಡೇ ಬಂದು ಪುಸ್ತಕ ಮೇಜಿಗೆ ಹಾಕಿದರು.

"ಮೇಡಂ, ಇದನ್ನ ರಿಪ್ಲೇಸ್ ಮಾಡ್ಕೊಡಿ. ಡಿಫೆಕ್ಟ್ ಪೀಸು. ಚಿತ್ರ ಎಲ್ಲಾ ಬಂದಿದೆ, ಟೆಕ್ಸ್ಟ್ ಒಂದು ಪೇಜಲ್ಲೂ ಲೋಡ್ ಆಗಿಲ್ಲ."

"ಡಿಫೆಕ್ಟ್ ಅಲ್ಲ ಸಾರ್, ಅದು ಮಾತೇ ಇಲ್ಲದ ಚಿತ್ರಪುಸ್ತಕ. ಚಿತ್ರ ನೋಡಿ ಮಗು ಕತೆ ಹೇಳ್ಬೇಕು. ನೀವು ಕೇಳ್ಬೇಕು."

ಅವರು ಒಮ್ಮೆ ಪುಸ್ತಕವನ್ನು, ಒಮ್ಮೆ ನನ್ನನ್ನು ನೋಡಿದರು. "ಅಂದ್ರೆ, ಯೂಸರೇ ಕಂಟೆಂಟ್ ಕೊಡ್ಬೇಕಾ?"

"ಹೂಂ. ನಿಮ್ಮ ಕೆಲಸ ಕೂತು ಕೇಳೋದು ಮಾತ್ರ."

"ಅದೇ ಕಷ್ಟ" ಎಂದು ಗೊಣಗಿಕೊಂಡು ವಾಪಸ್ ತೆಗೆದುಕೊಂಡು ಹೋದರು.

ಮುಂದಿನ ವಾರ ಪುಸ್ತಕ ಬಂತು. ಚೀಟಿಯಲ್ಲಿ ಹೀಗಿತ್ತು: "ಮಗಳು ದಿನಾ ಹೊಸ ಕತೆ ಹೇಳುತ್ತಾಳೆ. ಮೊದಲ ದಿನ ಕರಡಿ ಜೇನು ಹುಡುಕಿಕೊಂಡು ಹೋಯಿತು. ಎರಡನೇ ದಿನ ಕರಡಿ ಮೆಟ್ರೋ ಹತ್ತಿತು. ಮೂರನೇ ದಿನದಿಂದ ಕರಡಿ ಬಾಲ್ಕನಿಯಲ್ಲಿ ನಿಂತು ಫೋನಿನಲ್ಲಿ ಇಂಗ್ಲಿಷ್ ಮಾತಾಡುತ್ತಿದೆ. ಮರಿ ಊಟಕ್ಕೆ ಕರೆದರೆ 'ಟೂ ಮಿನಿಟ್ಸ್' ಅನ್ನುತ್ತದೆ. ನನ್ನ ಹೆಂಡತಿ ಈ ಕತೆಯನ್ನು ದಿನಕ್ಕೆ ಎರಡು ಸಲ ಹೇಳಿಸುತ್ತಿದ್ದಾಳೆ. ದಯವಿಟ್ಟು ಮುಂದಿನ ಸಲ ಮಾತಿರುವ ಪುಸ್ತಕ ಕೊಡಿ."

ಮಾಲಿ ನಿರಪರಾಧಿ

ಪತ್ತೇದಾರಿ ಕಪಾಟಿಗೆ ಒಡತಿ ಅಂದರೆ ಮೂರನೇ ಮಹಡಿಯ ಅಜ್ಜಿ. ವಾರಕ್ಕೆ ಎರಡು ಕೊಲೆ ಇಲ್ಲದಿದ್ದರೆ ಅವರಿಗೆ ಊಟ ಸೇರುವುದಿಲ್ಲ. ಚೀಟಿಯ ನಿಯಮ ಬಂದದ್ದೇ, ಮುತ್ತಿನಂಥ ಅಕ್ಷರದಲ್ಲಿ ಬರೆಯತೊಡಗಿದರು: "ಕೊಂದವನು ಡಾಕ್ಟರು. ನನಗೆ ಹದಿನೈದನೇ ಪುಟದಲ್ಲೇ ಗೊತ್ತಾಯಿತು." "ಕೊಂದವಳು ಸೊಸೆ. ಪತ್ತೇದಾರನಿಗಿಂತ ಎರಡು ಅಧ್ಯಾಯ ಮುಂಚೆ ನಾನು ಹಿಡಿದೆ."

ಹದಿನೈದು ದಿನದಲ್ಲಿ ಪತ್ತೇದಾರಿ ಕಪಾಟಿನತ್ತ ಯಾರೂ ಸುಳಿಯದಂತಾಯಿತು. ನನಗೋ ಒಬ್ಬೊಬ್ಬ ಓದುಗನೂ ಒಂದೊಂದು ರೆಕಾರ್ಡು. ಹೋಗಿ ಕೈ ಮುಗಿದೆ.

"ಅಮ್ಮಾ, ಕೊಂದವರ ಹೆಸರು ಬರೀಬೇಡಿ. ಉಳಿದೋರು ಓದೋದು ಬೇಡ್ವಾ? ಮೀಟಿಂಗಲ್ಲಿ ರೂಮು ಹೋಗುತ್ತೆ."

"ರೂಮು ಹೋದ್ರೆ ನಾನೇನು ಓದ್ಲಿ? ಪಾರ್ಸಲ್ ಮೇಲಿರೋ ಅಡ್ರೆಸ್ಸಾ?" ಅಜ್ಜಿಗೆ ಗಾಬರಿಯೇ ಆಯಿತು. "ಆಣೆ ಮಾಡ್ತೀನಿ ಕಣೇ, ಇನ್ಮೇಲೆ ಕೊಂದವರ ಹೆಸರು ಬರೆಯಲ್ಲ."

ಮಾತು ತಪ್ಪಲಿಲ್ಲ. ಮುಂದಿನ ಪುಸ್ತಕದಲ್ಲಿ ಅನುಮಾನಕ್ಕೆ ಗುರಿಯಾದವರು ನಾಲ್ಕೇ ಜನ. ಅಜ್ಜಿಯ ಚೀಟಿ: "ಮಾಲಿ ನಿರಪರಾಧಿ. ಅಡುಗೆಯವನು ನಿರಪರಾಧಿ. ತಂಗಿ ತುಂಬಾ ಒಳ್ಳೆಯವಳು. ಇದಕ್ಕಿಂತ ಹೆಚ್ಚಿಗೆ ನನ್ನ ಬಾಯಿ ಬಿಡಿಸಬೇಡಿ."

ಕೆಂಪು ಟ್ಯಾಗು

ಸೆಕ್ರೆಟರಿಗೂ ಒಬ್ಬ ಮೊಮ್ಮಗಳಿದ್ದಾಳೆ, ಯುಕೆಜಿ. ಒಂದು ಸಂಜೆ ಆಕೆ ತಾತನ ಬೆರಳು ಹಿಡಿದು ಎಳೆದುಕೊಂಡು ಬಂದಳು. ಪುಸ್ತಕ ಕೊಡುವಾಗ ನಾನು ಮೆತ್ತಗೆ ಹೇಳಿದೆ, "ಸಾರ್, ಅಭಿಪ್ರಾಯ ಬರೀಬೇಕು."

"ನಂಗೆ ಹೇಳ್ಕೊಡ್ತೀರಾ?" ಎಂದರು. ಮೂವತ್ನಾಲ್ಕು ವರ್ಷ ಸರ್ಕಾರಿ ಕಾರ್ಖಾನೆಯೊಂದರಲ್ಲಿ ಕ್ವಾಲಿಟಿ ಇನ್‌ಸ್ಪೆಕ್ಟರ್ ಆಗಿದ್ದವರು. ಅರ್ಧ ಕೂದಲೆಳೆಯಷ್ಟು ವ್ಯತ್ಯಾಸವಿದ್ದರೂ ಮಾಲು ವಾಪಸ್ ಕಳಿಸಿದ ಕೈ ಅದು.

ಮೂರನೇ ದಿನ ಪುಸ್ತಕ ಬಂತು. ಕಾರ್ಖಾನೆಯಲ್ಲಿ ಕೆಟ್ಟ ಮಾಲಿಗೆ ದಾರದಲ್ಲಿ ಕಟ್ಟುವಂಥ ಒಂದು ಕೆಂಪು ಟ್ಯಾಗು ಅದರಿಂದ ನೇತಾಡುತ್ತಿತ್ತು. ಚೀಟಿಯಲ್ಲಿ ಸ್ಕೇಲಿಟ್ಟು ಗೆರೆ ಎಳೆದು ಬರೆದಿದ್ದರು:

"ಪುಟ 3: ಆಟೋಗೆ ಮೂರು ಚಕ್ರ. ಪುಟ 5: ಅದೇ ಆಟೋಗೆ ನಾಲ್ಕು ಚಕ್ರ. ಪುಟ 8: ಹುಡುಗಿಯ ಎಡಗೈಯಲ್ಲಿ ಆರು ಬೆರಳು. ಪುಟ 11: ಸೂರ್ಯ ಎಡಕ್ಕಿದ್ದಾನೆ, ಮರದ ನೆರಳೂ ಎಡಕ್ಕೇ ಬಿದ್ದಿದೆ. ತೀರ್ಮಾನ: ರಿಜೆಕ್ಟ್."

"ಸಾರ್, ಮಕ್ಕಳ ಪುಸ್ತಕ ಅಲ್ವಾ?" ಎಂದೆ.

"ಅದಕ್ಕೇ ಇನ್ನೂ ಸ್ಟ್ರಿಕ್ಟ್ ಆಗಿರ್ಬೇಕು. ಮೆಷಿನ್ನಿಗೆ ಕೆಟ್ಟ ಪಾರ್ಟ್ ಹಾಕಿದ್ರೆ ಸದ್ದು ಮಾಡುತ್ತೆ. ಮಗು ಸುಮ್ನೆ ನಂಬಿಬಿಡುತ್ತೆ. ಇನ್ನೊಂದು ಕೊಡಿ."

ಅಲ್ಲಿಂದ ಶುರುವಾಯಿತು. ಭೂತಗನ್ನಡಿ ಬಂತು. ಅಳತೆಪಟ್ಟಿ ಬಂತು. ಪುಸ್ತಕದ ಮೇಲೆ ಪುಸ್ತಕಕ್ಕೆ ಕೆಂಪು ಟ್ಯಾಗು. ಮಕ್ಕಳು ಹೆದರಿ ದೂರ ಹೋಗುತ್ತಾರೆ, ನನ್ನ ರೂಮಿನ ಕತೆ ಮುಗಿಯಿತು ಅಂದುಕೊಂಡೆ. ಆದದ್ದೇ ಬೇರೆ. "ಆಂಟಿ, ಕೆಂಪು ಟ್ಯಾಗ್ ಇರೋದೇ ಕೊಡಿ" ಎಂದು ಸಾಲು ನಿಲ್ಲತೊಡಗಿದರು. ಆರನೇ ಬೆರಳು ಎಲ್ಲಿದೆ ಅಂತ ತಲೆಗೆ ತಲೆ ತಾಗಿಸಿಕೊಂಡು ಹುಡುಕುವುದೇ ಒಂದು ಆಟವಾಯಿತು.

ಒಂದು ಚೀಟಿಯಲ್ಲಿ, ಸೆಕ್ರೆಟರಿಯ ಸಹಿಯ ಕೆಳಗೆ, ಕ್ರೇಯಾನಿನಲ್ಲಿ ಮೊಮ್ಮಗಳ ದಪ್ಪಕ್ಷರವೂ ಇತ್ತು: "ತಾತ ಮೂರು ಸಲ ಓದಿದ್ರು. ನಂಗೆ ಒಂದೇ ಸಲ ಕೊಟ್ರು."

ಜನರಲ್ ಬಾಡಿ

ಭಾನುವಾರ ಬೆಳಿಗ್ಗೆ ಮೀಟಿಂಗು. ನಾನು ಅಭಿಪ್ರಾಯದ ಚೀಟಿಗಳನ್ನೆಲ್ಲ ಎರಡು ಬಟ್ಟೆಚೀಲದಲ್ಲಿ ತುಂಬಿಕೊಂಡು ಹೋಗಿದ್ದೆ. ಇನ್ನೊಂದು ಕೈಯಲ್ಲಿ ಬೀಗದಕೈ. ಎದೆ ನಮ್ಮ ಜನರೇಟರ್ ಥರ ಹೊಡೆದುಕೊಳ್ಳುತ್ತಿತ್ತು.

ನಾನು ಬಾಯಿ ತೆರೆಯುವ ಮೊದಲೇ ಸೆಕ್ರೆಟರಿ ಫೈಲು ಹಿಡಿದು ಎದ್ದರು.

"ಓದುಗರಿದ್ದಾರೆ, ಒಪ್ಕೋತೀನಿ. ಆದ್ರೆ ಸ್ಟಾಕ್ ಸರಿ ಇಲ್ಲ. ನಾನೇ ತಪಾಸಣೆ ಮಾಡಿದೀನಿ. ನೋಡಿದ ಪುಸ್ತಕ ನಲವತ್ತೊಂದು. ರಿಜೆಕ್ಟ್ ನಲವತ್ತು. ಪಾಸ್ ಒಂದು. ಇಂಥ ಸ್ಟಾಕಿಗೆ ಒಂದು ರೂಮು ಯಾಕೆ?"

ನನ್ನ ಎರಡು ಚೀಲ ಒಂದೇ ಮಾತಿಗೆ ಹಗುರಾದವು.

"ಆ ಒಂದು ಯಾವ್ದು ಸಾರ್?" ಐದನೇ ಮಹಡಿಯ ಟೆಕ್ಕಿ ಕೇಳಿದರು. ಪಕ್ಕದಲ್ಲಿ ಮಗಳು ಕೂತಿದ್ದಳು, ಫೋನು ಕೈಯಲ್ಲಿರಲಿಲ್ಲ.

"ಆನೆಮರಿದು" ಎಂದರು ಸೆಕ್ರೆಟರಿ, ಚುಟುಕಾಗಿ.

ಮುಂದಿನ ಸಾಲಿನಿಂದ ಅವರ ಮೊಮ್ಮಗಳು ಎದ್ದು ನಿಂತಳು. "ತಾತಾ, ಅದ್ರಲ್ಲಿ ಹನ್ನೆರಡನೇ ಪುಟದಲ್ಲಿ ಆನೆಮರಿಗೆ ಬಾಲಾನೇ ಇಲ್ಲ!"

ಎಲ್ಲರೂ ಸೆಕ್ರೆಟರಿಯತ್ತ ತಿರುಗಿದರು. ಮೂವತ್ನಾಲ್ಕು ವರ್ಷ ಯಾವ ತಪ್ಪನ್ನೂ ಬಿಡದ ಮನುಷ್ಯ ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು.

"ನೋಡ್ದೆ" ಎಂದರು. "ಅದು ಅಮ್ಮನ್ನ ಹುಡುಕ್ಕೊಂಡು ಓಡ್ತಿತ್ತಮ್ಮ. ಅಂಥ ಹೊತ್ತಲ್ಲಿ ಬಾಲ ಎಲ್ಲಿ ಅಂತ ಕೇಳಕ್ಕೆ ನಂಗೆ ಮನಸ್ಸು ಬರ್ಲಿಲ್ಲ."

ಯಾರೋ ಕಿಸಕ್ಕೆಂದರು. ಆಗ ಮೂರನೇ ಮಹಡಿಯ ಅಜ್ಜಿ ಸೆರಗು ಸರಿಮಾಡಿಕೊಂಡು ಎದ್ದರು. ಅಷ್ಟು ಪತ್ತೇದಾರಿ ಕಾದಂಬರಿ ಓದಿದ್ದು ಅವತ್ತಿಗೇ ಇರಬೇಕು.

"ಒಂದು ಪ್ರಶ್ನೆ ಸೆಕ್ರೆಟರಿಗಳೇ. ನಿಮ್ಮ ಫ್ಯಾಕ್ಟರಿಲಿ ಪೂರ್ತಿ ತಪಾಸಣೆ ಆಗೋಕೆ ಮುಂಚೆ ಯಾವತ್ತಾದ್ರೂ ಸ್ಟೋರ್ ಖಾಲಿ ಮಾಡಿಸಿದ್ರಾ?"

ಅವರಿಗೆ ಬೆಂಕಿ ತಾಕಿದಂತಾಯಿತು. "ನಾನಾ? ಮೂವತ್ನಾಲ್ಕು ವರ್ಷದಲ್ಲಿ ಒಂದು ಸಲಾನೂ ಇಲ್ಲ! ಇನ್‌ಸ್ಪೆಕ್ಷನ್ ಬಾಕಿ ಇದ್ರೆ ಒಂದು ಬೋಲ್ಟನ್ನೂ ಆಚೆ ಬಿಡ್ತಿರ್ಲಿಲ್ಲ!"

"ಭೇಷ್. ಇಲ್ಲಿ ಇನ್ನೂ ಎಷ್ಟು ಬಾಕಿ ಇದೆ?"

ಸೆಕ್ರೆಟರಿ ಫೈಲು ನೋಡಿದರು. ಸುಳ್ಳು ಹೇಳುವ ಜಾಯಮಾನವೇ ಅಲ್ಲ. ದನಿ ಇಳಿದು ಬಂತು. "ಸಾವಿರದ ಅರವತ್ತು."

"ಅದು ಮುಗೀಲಿ, ಆಮೇಲೆ ರೂಮು ತಗೊಳಿ" ಎಂದು ಅಜ್ಜಿ ಕೂತರು. ಚಪ್ಪಾಳೆಗೆ ಪ್ಲಾಸ್ಟಿಕ್ ಕುರ್ಚಿಗಳೂ ಅದುರಿದವು. ಪಾರ್ಸಲ್‌ಗಳಿಗೆ ಯಾರೂ ಆಡದ ಟೇಬಲ್ ಟೆನಿಸ್ ಮೇಜಿನಡಿ ಜಾಗ ಸಿಕ್ಕಿತು. ನಾನು ಬೀಗದಕೈಯನ್ನು ಸದ್ದಿಲ್ಲದೆ ಪರ್ಸಿನೊಳಗೆ ಹಾಕಿಕೊಂಡೆ.

ಅಂದಿನಿಂದ ನಾನೊಂದು ಕಿತಾಪತಿ ಶುರುಮಾಡಿದೆ. ಮನೆ ಬದಲಾಯಿಸುವವರು, ಮಕ್ಕಳು ದೊಡ್ಡವರಾದವರು, ಯಾರು ಸಿಕ್ಕರೂ ಕೇಳಿ ವಾರಕ್ಕೆ ಹತ್ತು ಪುಸ್ತಕ ತಂದು ಸದ್ದಿಲ್ಲದೆ ಕಪಾಟಿಗೆ ಸೇರಿಸುವುದು. ಎರಡು ತಿಂಗಳು ಯಾರಿಗೂ ಗೊತ್ತಾಗಲಿಲ್ಲ. ಕ್ವಾಲಿಟಿ ಇನ್‌ಸ್ಪೆಕ್ಟರ್ ಕಣ್ಣಿಗೆ ಅದಕ್ಕಿಂತ ಹೆಚ್ಚು ದಿನ ಮಣ್ಣೆರಚಲು ಆಗದು. ಮೊನ್ನೆ ಸಂಜೆ ಭೂತಗನ್ನಡಿ ಕೆಳಗಿಟ್ಟು ಕರೆದರು.

"ಮೇಡಂ, ವಾರಕ್ಕೆ ಒಳಗೆ ಬರೋದು ಹತ್ತು. ನಾನು ಮುಗಿಸೋದು ಎಂಟು. ಹೀಗಾದ್ರೆ ಈ ತಪಾಸಣೆ ಯಾವ ಕಾಲಕ್ಕೂ ಮುಗಿಯಲ್ಲ."

ಸಿಕ್ಕಿಬಿದ್ದೆ. "ಹೌದಾ ಸಾರ್? ನಾನು ಗಮನಿಸಿರ್ಲಿಲ್ಲ" ಎಂದೆ. ನನ್ನ ದನಿ ನನಗೇ ಕಳ್ಳದನಿಯಂತೆ ಕೇಳಿಸಿತು.

ಅವರು ಒಮ್ಮೆ ಬಾಗಿಲ ಕಡೆ ನೋಡಿದರು. ಯಾರೂ ಇಲ್ಲವೆಂದು ಖಾತ್ರಿಯಾದ ಮೇಲೆ ನನ್ನತ್ತ ಬಗ್ಗಿ, ಗುಟ್ಟಿನಲ್ಲಿ ಹೇಳಿದರು:

"ಹನ್ನೆರಡು ತರಿಸಿ. ಈ ನಡುವೆ ನನ್ನ ಸ್ಪೀಡು ಜಾಸ್ತಿ ಆಗ್ತಿದೆ. ಸೇಫ್ಟಿ ಮಾರ್ಜಿನ್ ಇರ್ಲಿ."